ಶೇಕಡಾ ಒಂದು ಉತ್ತರ ಆಫ್ರಿಕಾ: ಬೇರು ಹುಡುಕುವ ಬಗೆ

ಡಿಎನ್‌ಎ ವರದಿಯಲ್ಲಿ ‘ಉತ್ತರ ಆಫ್ರಿಕಾ ಶೇ 1’ ಎಂದು ಕಂಡರೆ, ವಿಜಯನಗರಕ್ಕೆ ಬಂದ ಯಾವುದೋ ಕುದುರೆ ವ್ಯಾಪಾರಿ ನಮ್ಮ ಪೂರ್ವಜ ಎಂದುಕೊಳ್ಳುವ ಆಸೆ ಬಳ್ಳಾರಿಯವರಿಗೆ ಸಹಜ. ಮೊದಲು ಲೆಕ್ಕ ಹಾಕಿ. ಪ್ರತಿ ತಲೆಮಾರಿಗೂ ಒಬ್ಬ ಪೂರ್ವಜರ ಪಾಲು ಸರಾಸರಿ ಅರ್ಧವಾಗುತ್ತದೆ. ಆರು ತಲೆಮಾರಿನ ಹಿಂದಿನವರ ಪಾಲು ಸುಮಾರು ಶೇ 1.6. ತಾಳಿಕೋಟೆ ಯುದ್ಧದ 1565ಕ್ಕೆ ಹೋದರೆ ಸುಮಾರು ಹದಿನಾರು ತಲೆಮಾರು. ಅಲ್ಲಿನ ಒಬ್ಬರೇ ಒಬ್ಬರ ಗುರುತು ಇಂದು ಉಳಿದಿರುವುದೇ ಅಪರೂಪ. ಶೇ 1 ಎಂದರೆ ಒಂದೋ ಇತ್ತೀಚಿನ ಸಂಬಂಧ, ಇಲ್ಲವೇ ಅಂದಾಜಿನ ತಪ್ಪು. ಎರಡನೆಯದೇ ಹೆಚ್ಚು ಸಂಭವ.

ಹಂತ 1: ಹಿರಿಯರನ್ನು ಕೇಳಿ. ಸಿರುಗುಪ್ಪ, ಕುರುಗೋಡಿನ ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೆ ಅವರು ಹೇಳುವ ವಂಶಾವಳಿಯನ್ನು ಧ್ವನಿಮುದ್ರಿಸಿಕೊಳ್ಳಿ. ಅಜ್ಜಿಯ ತವರನ್ನು ಅಜ್ಜಿಯ ಬಾಯಿಂದಲೇ ಬರೆದುಕೊಳ್ಳಿ.

ಹಂತ 2: ಕಾಗದ ಹುಡುಕಿ. 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಆ ವರ್ಷ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹಳೆಯ ದಾಖಲೆಗೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲೂ ವಿಚಾರಿಸಬೇಕು.

ಹಂತ 3: ಗಂಡು ಸಾಲಿಗೆ ವೈ ಕ್ರೋಮೋಸೋಮ್, ತಾಯಿಯ ಸಾಲಿಗೆ ಮೈಟೋಕಾಂಡ್ರಿಯಾ ಪರೀಕ್ಷೆ ಮಾಡಿಸಿ. ಇವು ತಲೆಮಾರಿಗೆ ಅರ್ಧವಾಗುವುದಿಲ್ಲ. ಹೆಣ್ಣುಮಕ್ಕಳಿಗೆ ವೈ ಇಲ್ಲದ ಕಾರಣ ತಂದೆ ಅಥವಾ ಅಣ್ಣತಮ್ಮಂದಿರು ಮಾದರಿ ಕೊಡಬೇಕು. ಉತ್ತರ ಆಫ್ರಿಕಾದ ಮಗ್ರೆಬ್ ನಾಡುಗಳಲ್ಲಿ ವ್ಯಾಪಕವಾದ ‘ಇ-ಎಂ81’ (ಗಂಡು ಸಾಲಿನ ಗುಂಪು) ಅಥವಾ ‘ಯು6’ (ತಾಯಿಯ ಸಾಲಿನ ಗುಂಪು) ಬಂದರೆ ಅದು ಗಟ್ಟಿ ಸುಳಿವು. ಬಾರದಿದ್ದರೆ ಆ ಎರಡು ಸಾಲುಗಳಲ್ಲಿ ಇಲ್ಲವೆಂದಷ್ಟೇ ಅರ್ಥ. ನಡುವಿನ ನೂರಾರು ಸಾಲುಗಳು ಹಾಗೇ ಉಳಿಯುತ್ತವೆ.

ಹಂತ 4: ಡಿಎನ್‌ಎ ವರದಿ ತೋರಿಸುವ ಬಂಧುಗಳ ಪಟ್ಟಿಯನ್ನು ಅನುಮಾನದಿಂದ ನೋಡಿ. ಸೋದರಮಾವ, ಅತ್ತೆಮಗಳ ಮದುವೆ ತಲೆಮಾರುಗಳಿಂದ ನಡೆದಿರುವ ಮನೆತನದಲ್ಲಿ ಒಬ್ಬನೇ ಪೂರ್ವಜ ವಂಶವೃಕ್ಷದ ಹಲವು ಕಡೆ ಬರುತ್ತಾನೆ. ಹಾಗಾಗಿ ದೂರದ ನೆಂಟರನ್ನೂ ಕಂಪ್ಯೂಟರ್ ಹತ್ತಿರದವರೆಂದು ತೋರಿಸುತ್ತದೆ. ತಂದೆ, ತಾಯಿ ಇಬ್ಬರನ್ನೂ ಪರೀಕ್ಷಿಸಿ. ನಿಮ್ಮ ‘ಆಫ್ರಿಕಾ’ ತುಣುಕು ಇಬ್ಬರಲ್ಲಿ ಯಾರಲ್ಲೂ ಕಾಣದಿದ್ದರೆ ಅದನ್ನು ಕೈಬಿಡಿ.

ನಿಜವಾದ ಗುರುತು ಹೇಗಿರುತ್ತದೆ ಎಂಬುದಕ್ಕೆ ಉತ್ತರ ಕನ್ನಡದ ಸಿದ್ದಿಗಳೇ ಸಾಕ್ಷಿ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಆಫ್ರಿಕಾ ಪಾಲು ನಿಚ್ಚಳವಾಗಿತ್ತು. ಆದರೆ ಅದು ಬಂಟು ಜನರದು, ಸಹಾರಾದ ದಕ್ಷಿಣದ್ದು; ಉತ್ತರ ಆಫ್ರಿಕಾದ್ದಲ್ಲ.

ಎಂಜಲು ಕೊಡುವ ಮುನ್ನ ಮನೆಯವರ ಒಪ್ಪಿಗೆ ಪಡೆಯಿರಿ. ನಿಮ್ಮ ಡಿಎನ್‌ಎಯಲ್ಲಿ ಅವರದೂ ಪಾಲಿದೆ. ಡಿಎನ್‌ಎ ಪರೀಕ್ಷೆ ನಡೆಸುವ ‘23ಅಂಡ್‌ಮಿ’ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಹಾಗಾಗಿ ಮೂಲ ದತ್ತಾಂಶವನ್ನು ನಿಮ್ಮಲ್ಲೇ ಇಳಿಸಿಟ್ಟುಕೊಂಡು, ಬೇಡವೆನಿಸಿದಾಗ ಖಾತೆ ಅಳಿಸಿಬಿಡಿ.