ಹಣ್ಣುಕಾಯಿಗಳನ್ನು ಕೆಡದಂತೆ ಇಡುವ ಕ್ರಮ

ವೈಶಾಖ ಮಾಸದಲ್ಲಿ ನಮ್ಮ ಕರಾವಳಿಯ ಹಿತ್ತಿಲುಗಳನ್ನು ನೋಡಿದವರಿಗೆ ಈ ಸಂಗತಿಯು ಹೊಸದಲ್ಲ. ಹಲಸಿನ ಮರದಡಿಯಲ್ಲಿ ಹಣ್ಣುಗಳು ಬಿದ್ದು ಒಡೆದು ನೊಣ ಮುತ್ತಿರುತ್ತವೆ. ಮಾವಿನ ಹಣ್ಣುಗಳು ಬುಟ್ಟಿಬುಟ್ಟಿಯಾಗಿ ಕೊಳೆತು ಗೊಬ್ಬರದ ಗುಂಡಿಯನ್ನು ಸೇರುತ್ತವೆ. ಎರಡು ತಿಂಗಳು ಕಳೆದು ಆಷಾಢದ ಜಡಿಮಳೆ ಹಿಡಿದು ತರಕಾರಿಯು ದುರ್ಲಭವಾದಾಗ, ಅದೇ ಮನೆಯವರು ಅಂಗಡಿಗೆ ಹೋಗಿ ಬಣ್ಣದ ಪೊಟ್ಟಣದ ತಿಂಡಿಯನ್ನು ಹಣ ತೆತ್ತು ತಂದು ಮಕ್ಕಳ ಕೈಗೆ ಕೊಡುತ್ತಾರೆ. ಇದ್ದಾಗ ಹಾಳುಮಾಡಿ ಇಲ್ಲದಾಗ ಬೆಲೆ ತೆರುವ ಈ ಪದ್ಧತಿಯು ಗೃಹಕೃತ್ಯಕ್ಕೆ ಶೋಭೆ ತರುವಂಥದಲ್ಲ. ನಮ್ಮ ಅಜ್ಜಿಯಂದಿರ ಅಟ್ಟಗಳಲ್ಲಿ ಸಾಲಾಗಿದ್ದ ಭರಣಿಗಳು ಈ ತಪ್ಪಿಗೆ ಅವರು ಕಂಡುಕೊಂಡಿದ್ದ ಪರಿಹಾರವೇ ಆಗಿದ್ದುವು.

ಮಕ್ಕಳನ್ನು ಪರೀಕ್ಷೆಗೆ ಸಿದ್ಧಪಡಿಸಬೇಕಾದ ಶಾಲೆಯಲ್ಲಿ ಉಪ್ಪಿನಕಾಯಿಯ ಪಾಠವೇಕೆಂದು ಕೆಲವರು ತಂದೆತಾಯಿಗಳು ನಮ್ಮನ್ನು ಕೇಳಿರುವುದುಂಟು. ಪ್ರಶ್ನೆಯು ನ್ಯಾಯವಾದದ್ದೇ. ನಮ್ಮ ಉತ್ತರವಿಷ್ಟೆ: ಒಂದು ಭರಣಿ ಉಪ್ಪಿನಕಾಯಿಯಲ್ಲಿ ರಸಾಯನಶಾಸ್ತ್ರವೂ ಜೀವಶಾಸ್ತ್ರವೂ ಲೆಕ್ಕವೂ ಅಡಕವಾಗಿವೆ; ಅವನ್ನು ತಿಳಿಯದೆ ಮಾಡಿದವರು ಕೆಲವೊಮ್ಮೆ ಆರೋಗ್ಯವನ್ನೇ ಕಳೆದುಕೊಳ್ಳುತ್ತಾರೆ. ಈ ವಿದ್ಯೆಯನ್ನು ಹೆಣ್ಣುಮಕ್ಕಳೇ ಕಲಿಯತಕ್ಕದ್ದೆಂದೂ ನಾವು ಹೇಳುವವರಲ್ಲ. ಉಣ್ಣುವವರೆಲ್ಲರೂ ಇದನ್ನು ಕಲಿಯಬಹುದು.

ನಮ್ಮದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳುವೆವು. ಅಧ್ಯಾಪನವನ್ನು ಕೈಗೊಂಡ ಆರಂಭದ ದಿನಗಳಲ್ಲಿ ತರಗತಿಯ ಮಕ್ಕಳೊಡನೆ ಪೇರಳೆ ಹಣ್ಣಿನ ಜೆಲ್ಲಿಯನ್ನು ಮಾಡಿ ಸೀಸೆಗಳಲ್ಲಿ ತುಂಬಿ ಕಪಾಟಿನಲ್ಲಿ ಸಾಲಾಗಿ ಇಟ್ಟೆವು. ಬಣ್ಣವು ಮಾಣಿಕ್ಯದಂತೆ ಇತ್ತು. ತಿಂಗಳು ಕಳೆದು ಮುಚ್ಚಳ ತೆರೆದಾಗ ಅರ್ಧದಷ್ಟು ಸೀಸೆಗಳ ಮೇಲೆ ಬಿಳಿಯ ಬೂಷ್ಟು ಹಬ್ಬಿತ್ತು. ಪುಸ್ತಕವನ್ನು ಮೂರು ಸಲ ತಿರುವಿಹಾಕಿದರೂ ಕಾರಣವು ತಿಳಿಯಲಿಲ್ಲ. ವಿದ್ಯಾರ್ಥಿನಿಯೊಬ್ಬಳನ್ನು ಕರೆದೊಯ್ಯಲು ಬಂದಿದ್ದ ಅವಳ ಅಜ್ಜಿ, ಅಕ್ಷರವರಿಯದವರು, ಸೀಸೆಯನ್ನು ನೋಡಿದೊಡನೆ, "ಟೀಚರಮ್ಮಾ, ತುಂಬುವಾಗ ಸೀಸೆ ಒಣಗಿತ್ತೋ?" ಎಂದು ಕೇಳಿದರು. ಒಣಗಿರಲಿಲ್ಲ. ತೊಳೆದು ಬಟ್ಟೆಯಿಂದ ಒರಸಿದ್ದೆವು, ಅಷ್ಟೆ. ಆ ದಿನ ಕಲಿತ ಪಾಠವನ್ನು ನಾವು ಇಂದಿಗೂ ಮರೆತಿಲ್ಲ. ಅಜ್ಜಿಯ ಅನುಭವಕ್ಕೂ ಪುಸ್ತಕದ ಶಾಸ್ತ್ರಕ್ಕೂ ಮದುವೆ ಮಾಡಿಸುವುದೇ ಈ ಲೇಖನದ ಉದ್ದೇಶ.

೧. ಪದಾರ್ಥವು ಕೆಡುವುದೇಕೆ?

ಕಣ್ಣಿಗೆ ಕಾಣದ ಜೀವಿಗಳು ಗಾಳಿಯಲ್ಲಿಯೂ ನೀರಿನಲ್ಲಿಯೂ ನಮ್ಮ ಕೈಗಳ ಮೇಲೆಯೂ ಇವೆ. ಬೂಷ್ಟು, ಹಣ್ಣಿನ ರಸವನ್ನು ಹುಳಿಸಿ ನೊರೆ ಬರಿಸುವ ಯೀಸ್ಟ್, ಬ್ಯಾಕ್ಟೀರಿಯ ಎಂಬ ಈ ಮೂರು ಬಗೆಗಳಿಗೂ ನಮ್ಮಂತೆಯೇ ನೀರೂ ಆಹಾರವೂ ಬೇಕು. ಜೊತೆಗೆ ಹಣ್ಣಿನೊಳಗೇ ಇರುವ ಕಿಣ್ವಗಳು ಅದನ್ನು ಮಾಗಿಸಿ ಮೆತ್ತಗೆ ಮಾಡಿ ಕೊಳೆಯುವಿಕೆಗೆ ದಾರಿ ಮಾಡಿಕೊಡುತ್ತವೆ.

ಫ್ರಾನ್ಸ್ ದೇಶದ ನಿಕೊಲಾ ಅಪೆರ್ ಎಂಬ ಮಿಠಾಯಿಗಾರನು ಆಹಾರವನ್ನು ಸೀಸೆಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿ ಕುದಿನೀರಿನಲ್ಲಿ ಕಾಯಿಸಿದರೆ ಅದು ಬಹುಕಾಲ ಉಳಿಯುವುದೆಂದು ಕಂಡುಕೊಂಡನು. ೧೮೧೦ರಲ್ಲಿ ಆತನು ತನ್ನ ಕ್ರಮವನ್ನು ಪುಸ್ತಕವಾಗಿ ಪ್ರಕಟಿಸಿದನು. ಅದಕ್ಕಾಗಿ ಅಲ್ಲಿನ ಸರಕಾರವು ೧೨,೦೦೦ ಫ್ರಾಂಕುಗಳ ಬಹುಮಾನವನ್ನು ಕೊಟ್ಟಿತು. ಆದರೆ ಏಕೆ ಉಳಿಯುವುದೆಂಬುದು ಆತನಿಗೆ ತಿಳಿದಿರಲಿಲ್ಲ. ಸುಮಾರು ಐವತ್ತು ವರ್ಷಗಳ ಬಳಿಕ ಅದೇ ದೇಶದ ಲೂಯಿ ಪಾಶ್ಚರ್ ಸೂಕ್ಷ್ಮಜೀವಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಆ ಗುಟ್ಟು ಬಯಲಾಯಿತು. ನಮ್ಮ ಅಜ್ಜಿಯಂದಿರೂ ಅಪೆರನ ಸಾಲಿನವರೇ. ಅವರಿಗೆ ಕ್ರಮವು ತಿಳಿದಿತ್ತು. ಕಾರಣವನ್ನು ತಿಳಿಯುವ ಭಾಗ್ಯವು ನಮ್ಮ ಪಾಲಿಗೆ ಬಂದಿದೆ.

೨. ಐವರು ಕಾವಲುಗಾರರು

ಶಾಖ, ಬಿಸಿಲು, ಉಪ್ಪು, ಸಕ್ಕರೆ, ಹುಳಿ: ಈ ಐದೂ ನಮ್ಮ ಕಾವಲುಗಾರರು. ಶಾಖವು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಬಿಸಿಲು ಅವುಗಳಿಗೆ ಬೇಕಾದ ನೀರನ್ನು ತೆಗೆದುಬಿಡುತ್ತದೆ. ಉಪ್ಪೂ ಸಕ್ಕರೆಯೂ ನೀರನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಂಡು, ಸೂಕ್ಷ್ಮಜೀವಿಗಳ ಒಡಲಿನ ನೀರನ್ನೂ ಹೊರಗೆಳೆಯುತ್ತವೆ. ಉಪ್ಪಿನಲ್ಲಿಟ್ಟ ಮಾವಿನ ಮಿಡಿಯು ಸುಕ್ಕುಗಟ್ಟುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಳಿಯಿದ್ದಲ್ಲಿ ಅಪಾಯಕರವಾದ ಹಲವು ಬ್ಯಾಕ್ಟೀರಿಯಗಳು ಬೆಳೆಯಲಾರವು.

ಆದರೆ ಕಾವಲುಗಾರನಿಗೆ ತಕ್ಕ ಬಲವಿರಬೇಕು. ಸ್ವಲ್ಪ ಸಕ್ಕರೆಯು ಸೂಕ್ಷ್ಮಜೀವಿಗಳಿಗೆ ಔತಣವೇ ಸರಿ. ಸಿದ್ಧವಾದ ಜೆಲ್ಲಿಯ ನೂರು ಪಾಲಿನಲ್ಲಿ ಸುಮಾರು ೬೫ ಪಾಲು ಸಕ್ಕರೆಯಿದ್ದರೆ ಮಾತ್ರ ಅದು ಉಳಿಯುತ್ತದೆ. "ಸಿಹಿ ಹೆಚ್ಚಾಯಿತು", "ಉಪ್ಪು ಹೆಚ್ಚಾಯಿತು" ಎಂದು ಅಳತೆಯನ್ನು ಇಳಿಸುವವರು ಅದನ್ನು ಶೀತಪೆಟ್ಟಿಗೆಯಲ್ಲಿಟ್ಟು ಬೇಗನೆ ತಿಂದು ಮುಗಿಸತಕ್ಕದ್ದು.

೩. ಪೇರಳೆ ಹಣ್ಣಿನ ಜೆಲ್ಲಿ

ಮೈಸೂರಿನ ಕಡೆಯವರು ಸೀಬೆಯೆನ್ನುವ ಹಣ್ಣೇ ಇದು. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು, ಹುಳಿ, ಸಕ್ಕರೆ, ಈ ಮೂರೂ ತಕ್ಕ ಪ್ರಮಾಣದಲ್ಲಿ ಕೂಡಿದಾಗ ರಸವು ಹೆಪ್ಪುಗಟ್ಟುತ್ತದೆ. ಪೇರಳೆಯಲ್ಲಿ ಪೆಕ್ಟಿನ್ ಧಾರಾಳವಾಗಿದೆ. ಹಣ್ಣು ಮಾಗಿದಷ್ಟೂ ಅದು ಕಡಿಮೆಯಾಗುತ್ತದೆ. ಆದುದರಿಂದ ಅತಿಯಾಗಿ ಮಾಗಿದುದನ್ನು ಬಿಟ್ಟು, ಗಟ್ಟಿಯಾಗಿದ್ದು ಆಗತಾನೇ ಹಣ್ಣಾದುದನ್ನು ಆರಿಸಬೇಕು.

ಒಂದು ಕಿಲೋ ಹಣ್ಣನ್ನು ತೊಳೆದು ಸಿಪ್ಪೆ ಬೀಜಗಳ ಸಹಿತ ತೆಳುವಾಗಿ ಹೆಚ್ಚಿ, ಮುಳುಗುವಷ್ಟು ನೀರು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿರಿ. ತೆಳುವಾದ ಶುಭ್ರ ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ತೂಗುಹಾಕಿ ರಸವನ್ನು ಇಳಿಸಿರಿ. ಬಟ್ಟೆಯನ್ನು ಹಿಂಡಕೂಡದು, ಹಿಂಡಿದರೆ ಜೆಲ್ಲಿಯು ಕದಡಿ ಮಬ್ಬಾಗುತ್ತದೆ. ನಾಲ್ಕು ಅಳತೆ ರಸಕ್ಕೆ ಮೂರು ಅಳತೆ ಸಕ್ಕರೆಯನ್ನೂ, ಒಂದು ಲೀಟರು ರಸಕ್ಕೆ ಎರಡು ದೊಡ್ಡ ಚಮಚ ಲಿಂಬೆಯ ರಸವನ್ನೂ ಕೂಡಿಸಿ ದೊಡ್ಡ ಉರಿಯಲ್ಲಿ ಕುದಿಸಿರಿ. ಚಮಚದಿಂದ ಎತ್ತಿ ಬಗ್ಗಿಸಿದಾಗ ಎರಡು ಹನಿಗಳು ಒಂದಾಗಿ ಕೂಡಿ ಹಾಳೆಯಂತೆ ಜಾರಿದರೆ ಹದವಾಯಿತೆಂದು ತಿಳಿಯಬೇಕು.

ಉಷ್ಣಮಾಪಕವುಳ್ಳವರು ಈ ಮಾತನ್ನು ಗಮನಿಸಬೇಕು. ಸಮುದ್ರದ ಮಟ್ಟದಲ್ಲಿರುವ ಮಂಗಳೂರಿನಲ್ಲಿ ನೀರು ೧೦೦ ಡಿಗ್ರಿಯಲ್ಲಿ ಕುದಿಯುತ್ತದೆ. ಜೆಲ್ಲಿಯ ಹದವು ಸುಮಾರು ೧೦೫ ಡಿಗ್ರಿ. ಒಂಬತ್ತುನೂರು ಮೀಟರಿಗೂ ಮಿಕ್ಕಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು ೯೭ ಡಿಗ್ರಿಯಲ್ಲಿಯೇ ಕುದಿಯುವುದರಿಂದ ಅಲ್ಲಿನ ಹದವು ಸುಮಾರು ೧೦೨ ಡಿಗ್ರಿ. ಮದುವೆಯಾಗಿಯೋ ಉದ್ಯೋಗಕ್ಕಾಗಿಯೋ ಘಟ್ಟದ ಮೇಲಕ್ಕೆ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರು, ಶಾಲೆಯಲ್ಲಿ ಕಲಿತ ಅಂಕೆಯನ್ನೇ ನಂಬಿ ಕಾಯಿಸಿ ಜೆಲ್ಲಿಯನ್ನು ಕಲ್ಲಾಗಿಸಬಾರದು. ನೀರು ಕುದಿಯುವ ಅಂಕೆಗೆ ಐದನ್ನು ಕೂಡಿಸಿದರೆ ಸಾಕು.

ಸೀಸೆಗಳನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬೋರಲಿಟ್ಟು ಪೂರ್ಣವಾಗಿ ಒಣಗಿಸಿ, ಅವು ಬಿಸಿಯಾಗಿರುವಾಗಲೇ ಬಿಸಿ ಜೆಲ್ಲಿಯನ್ನು ಅಂಚಿನವರೆಗೆ ತುಂಬಿ ಕೂಡಲೇ ಮುಚ್ಚಬೇಕು. ಆ ಅಜ್ಜಿಯ ಪ್ರಶ್ನೆಯನ್ನು ಇಲ್ಲಿ ನೆನೆಯತಕ್ಕದ್ದು.

೪. ಮಾವಿನ ಮಿಡಿಯ ಉಪ್ಪಿನಕಾಯಿ

ಇದಕ್ಕೆ ಒರಟೆ ಬಲಿಯದ ಎಳೆಯ ಮಿಡಿಯೇ ಬೇಕು. ಮರದಿಂದ ಕೊಯ್ದು ನೆಲಕ್ಕೆ ಬೀಳದಂತೆ ಇಳಿಸಬೇಕು. ಪೆಟ್ಟು ತಿಂದ ಒಂದು ಮಿಡಿಯು ಭರಣಿಯನ್ನೆಲ್ಲ ಕೆಡಿಸೀತು. ಸ್ವಲ್ಪ ತೊಟ್ಟನ್ನು ಉಳಿಸಿ ತೊಳೆದು ಒರಸಿ ನೆರಳಿನಲ್ಲಿ ನೀರಾರಿಸಿರಿ. ನಾಲ್ಕು ಕಿಲೋ ಮಿಡಿಗೆ ಒಂದು ಕಿಲೋಗೆ ಕಡಮೆಯಿಲ್ಲದಂತೆ ಹರಳುಪ್ಪನ್ನು ಪದರಪದರವಾಗಿ ಹಾಕಿ, ಮೇಲೆ ಭಾರವಿಟ್ಟು, ಭರಣಿಯ ಬಾಯಿಯನ್ನು ಬಟ್ಟೆಯಿಂದ ಕಟ್ಟಬೇಕು. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಮೇಲುಕೆಳಗು ಮಾಡಿದರೆ, ಎಂಟು ಹತ್ತು ದಿನಗಳಲ್ಲಿ ಮಿಡಿಗಳು ಚಿರುಟಿ, ತಮ್ಮ ನೀರಿನಲ್ಲಿಯೇ ಮುಳುಗುತ್ತವೆ. ಆ ಉಪ್ಪುನೀರನ್ನು ಬಸಿದು ಕುದಿಸಿ ಪೂರ್ಣವಾಗಿ ಆರಿಸಿ, ಒಣಮೆಣಸು, ಸಾಸಿವೆ, ಸ್ವಲ್ಪ ಅರಸಿನ ಇವುಗಳನ್ನು ಅದರಲ್ಲಿಯೇ ಅರೆದು ಮಿಡಿಗಳೊಡನೆ ಬೆರಸಿರಿ. ಹಸಿ ನೀರಿನ ಒಂದು ತೊಟ್ಟೂ ಸೋಕಕೂಡದು. ಮಿಡಿಗಳು ಯಾವಾಗಲೂ ರಸದಲ್ಲಿ ಮುಳುಗಿರಬೇಕು. ಮೇಲೆ ತೇಲಿದುದಕ್ಕೆ ಗಾಳಿ ತಗಲಿ ಬೂಷ್ಟು ಹಿಡಿಯುತ್ತದೆ.

೫. ಹಲಸಿನ ಹಪ್ಪಳ

ಬಲಿತು ಇನ್ನೂ ಹಣ್ಣಾಗದ ಹಲಸಿನಕಾಯಿಯ ಸೊಳೆಗಳನ್ನು ಬಿಡಿಸಿ ಹಬೆಯಲ್ಲಿ ಬೇಯಿಸಿರಿ. ಉಪ್ಪು, ಒಣಮೆಣಸು, ಜೀರಿಗೆ ಕೂಡಿಸಿ ಬಿಸಿಯಿರುವಾಗಲೇ ನೀರು ಹಾಕದೆ ನುಣ್ಣಗೆ ಅರೆದು, ಲಿಂಬೆಯ ಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಬಾಳೆಯೆಲೆಗಳ ನಡುವೆ ಇಟ್ಟು ಒತ್ತಿರಿ. ಚಾಪೆಯ ಮೇಲೆ ಹರಡಿ, ಎರಡೂ ಮಗ್ಗುಲು ಬಿಸಿಲು ಕಾಣುವಂತೆ ತಿರುವುತ್ತ, ಮುರಿದರೆ ಟಕ್ಕೆನ್ನುವವರೆಗೆ ಒಣಗಿಸಬೇಕು. ಬಗ್ಗುವ ಹಪ್ಪಳದಲ್ಲಿ ನೀರು ಉಳಿದಿದೆಯೆಂದೇ ಅರ್ಥ. ಈ ಕೆಲಸವು ಒಬ್ಬರದಲ್ಲ. ಒಬ್ಬರು ಅರೆದು, ಒಬ್ಬರು ಒತ್ತಿ, ಮಕ್ಕಳು ಕಾಗೆಯನ್ನು ಕಾಯುತ್ತ ಒಂದೊಂದು ಹಸಿ ಉಂಡೆಯನ್ನು ಬಾಯಿಗೆ ಹಾಕಿಕೊಳ್ಳುವ ಆ ಮಧ್ಯಾಹ್ನಗಳು ಹಪ್ಪಳಕ್ಕಿಂತಲೂ ಹೆಚ್ಚು ದಿನ ಉಳಿಯುತ್ತವೆ.

೬. ನೆಲಗಡಲೆಯ ಉಂಡೆ

ಬಿಸಿಲೂ ಭರಣಿಯೂ ಇಲ್ಲದವರು, ಪಟ್ಟಣದ ಚಿಕ್ಕ ಮನೆಗಳಲ್ಲಿ ವಾಸಿಸುವವರು, ಇದನ್ನು ಅರ್ಧ ಗಂಟೆಯಲ್ಲಿ ಮಾಡಬಹುದು. ಎರಡು ಅಳತೆ ನೆಲಗಡಲೆಯನ್ನು ಹದವಾಗಿ ಹುರಿದು ಸಿಪ್ಪೆ ಕೇರಿ ತೆಗೆಯಿರಿ. ಒಂದು ಅಳತೆ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ ಕಾಯಿಸಿರಿ. ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟಾಗ ಅದು ಗಟ್ಟಿ ಉಂಡೆಯಾಗಿ ತಟ್ಟೆಗೆ ಬಡಿದರೆ ಸದ್ದು ಮಾಡಬೇಕು. ಕೂಡಲೇ ಕಡಲೆಯನ್ನು ಬೆರಸಿ, ಅಂಗೈಗೆ ತುಪ್ಪ ಸವರಿಕೊಂಡು, ಕೈ ತಾಳುವಷ್ಟು ಬಿಸಿಯಿರುವಾಗಲೇ ಉಂಡೆ ಕಟ್ಟಿರಿ. ಶಾಲೆಯಿಂದ ಹಸಿದು ಬರುವ ಮಗುವಿಗೆ ಇದು ರುಚಿಯೂ ಹೌದು, ಪುಷ್ಟಿಯೂ ಹೌದು.

೭. ಮರೆಯಬಾರದ ಎಚ್ಚರಿಕೆಗಳು

ಬೂಷ್ಟು ಹಿಡಿದ, ಮುರುಟಿದ, ಕಹಿಯಾದ ನೆಲಗಡಲೆಯನ್ನು ಎಸೆಯಬೇಕು. ಅದರಲ್ಲಿ ಯಕೃತ್ತಿಗೆ ಕೇಡು ಮಾಡುವ ಅಫ್ಲಟಾಕ್ಸಿನ್ ಎಂಬ ವಿಷವು ಇರಬಹುದು. ಹುರಿದ ಮಾತ್ರಕ್ಕೆ ಅದು ಪೂರ್ಣವಾಗಿ ಹೋಗದು. ಬಾವಲಿಯೋ ಹಕ್ಕಿಯೋ ಕಚ್ಚಿದ ಹಣ್ಣನ್ನು, ಕಚ್ಚಿದ ಭಾಗವನ್ನು ಕೊಯ್ದು ತೆಗೆದರೂ, ಬಳಸಬಾರದು. ಹುಳಿ ಪದಾರ್ಥವನ್ನು ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳಲ್ಲಿ ಇಡಕೂಡದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಹುರುಳಿಕಾಯಿ, ಬಟಾಣಿ, ಅಣಬೆ, ಮೀನು, ಮಾಂಸ ಮೊದಲಾದ ಹುಳಿಯಿಲ್ಲದ ಪದಾರ್ಥಗಳನ್ನು ಸೀಸೆಯಲ್ಲಿ ಮುಚ್ಚಿ ಬರಿಯ ಕುದಿನೀರಿನಲ್ಲಿ ಕಾಯಿಸಿ ಇಡುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಬಾಟ್ಯುಲಿಸಂ ಎಂಬ ಮಾರಕ ರೋಗವನ್ನು ತರುವ ಬ್ಯಾಕ್ಟೀರಿಯದ ಬೀಜಾಣುಗಳು ಕುದಿನೀರಿಗೆ ಸಾಯವು. ಅವುಗಳ ನಾಶಕ್ಕೆ ಒತ್ತಡದ ಪಾತ್ರೆಯಲ್ಲಿ ಸುಮಾರು ೧೨೧ ಡಿಗ್ರಿಯ ಶಾಖವು ಬೇಕು. ಗಾಳಿಯಿಲ್ಲದ ಸೀಸೆಯೇ ಅವುಗಳಿಗೆ ಪ್ರಿಯವಾದ ಮನೆ. ಬಣ್ಣವೂ ವಾಸನೆಯೂ ಕೆಡದೆಯೇ ಆ ವಿಷವು ಒಳಗೆ ಇರಬಹುದು. ಹಸಿ ಬೆಳ್ಳುಳ್ಳಿಯನ್ನು ಬರಿಯ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವುದೂ ಇದೇ ಕಾರಣದಿಂದ ಅಪಾಯಕರ. ಹಣ್ಣಿಗೆ ಸಕ್ಕರೆಯೂ ಹುಳಿಯೂ, ಉಪ್ಪಿನಕಾಯಿಗೆ ಉಪ್ಪೂ ಹುಳಿಯೂ ಕಾವಲಾಗಿರುವುದರಿಂದಲೇ ನಾವು ಅವನ್ನು ನಿರ್ಭಯವಾಗಿ ಕಲಿಸುತ್ತೇವೆ.

೮. ಕೊನೆಯ ಮಾತು

ಈ ವಿದ್ಯೆಯು ಸಂಪಾದನೆಯ ದಾರಿಯೂ ಆಗಬಲ್ಲುದು. ೧೯೫೯ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ಮಾಡಿ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸತೊಡಗಿದರು. ಅದೇ ಮುಂದೆ ಸಹಸ್ರಾರು ಸ್ತ್ರೀಯರಿಗೆ ಜೀವನಾಧಾರವಾದ ಲಿಜ್ಜತ್ ಪಾಪಡ್ ಸಂಸ್ಥೆಯಾಯಿತು. ನಮ್ಮ ನಾಡಿನ ಮೈಸೂರಿನಲ್ಲಿಯೇ ೧೯೫೦ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಸ್ಥಾಪಿತವಾಗಿದೆ. ಮಾರಾಟಕ್ಕೆ ಮನಸ್ಸು ಮಾಡುವವರು ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯಂತೆ ನೋಂದಣಿ ಮಾಡಿಸಿಕೊಳ್ಳತಕ್ಕದ್ದು.

ತಂದೆತಾಯಿಗಳಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹವೊಂದಿದೆ. ಬರುವ ಬೇಸಗೆಯ ರಜೆಯಲ್ಲಿ ನಿಮ್ಮ ಮನೆಯ ಹಿರಿಯರ ಬಳಿ ಮಕ್ಕಳನ್ನು ಕೂರಿಸಿ, ಅವರ ಒಂದು ಕ್ರಮವನ್ನಾದರೂ ಅಳತೆಯ ಸಹಿತ ಬರೆಯಿಸಿಡಿರಿ. "ಒಂದು ಹಿಡಿ" ಎಂದು ಅವರೆಂದರೆ ಆ ಹಿಡಿಯನ್ನು ತೂಗಿ ನೋಡಿರಿ. ಅವರ ಕೈ ನಿಂತುಹೋದ ದಿನ ಆ ಅಳತೆಯು ಯಾವ ಪುಸ್ತಕದಲ್ಲಿಯೂ ದೊರೆಯದು. ನಮ್ಮ ತಪ್ಪನ್ನು ಒಂದೇ ಪ್ರಶ್ನೆಯಿಂದ ತೋರಿಸಿಕೊಟ್ಟ ಆ ಅಜ್ಜಿಯು ಇಂದು ನಮ್ಮೊಡನಿಲ್ಲ. ಅವರ ಉಪ್ಪಿನ ಅಳತೆಯನ್ನು ನಾವು ಅಂದೇ ಕೇಳಿ ಬರೆದುಕೊಂಡಿರಲಿಲ್ಲವೆಂಬುದು ನಮ್ಮ ಎರಡನೆಯ ತಪ್ಪು. ಮೊದಲನೆಯದನ್ನು ತಿದ್ದಿಕೊಂಡೆವು, ಎರಡನೆಯದನ್ನು ನೀವು ಮಾಡದಿರಲೆಂದು ಇದನ್ನು ಬರೆದಿದ್ದೇವೆ.