ಕಂಡವರು ಯಾರು ಎಂದು ಕೇಳುವ ನಿನಗೆ

ಸಿಂಹಾಚಲಂ

ಪ್ರೀತಿಯ ಮಗು,

ಸಿಂಹಾಚಲದ ಬೆಟ್ಟದ ಕಲ್ಲು ಸುಮಾರು ನೂರು ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಬೆಂದು ಈ ರೂಪ ಪಡೆಯಿತು ಎಂದು ಓದಿದಾಗ ನಿನ್ನ ವಯಸ್ಸಿನವರು ಮೊದಲು ಕೇಳುವುದು ‘ಅದನ್ನು ಕಂಡವರು ಯಾರು?’ ಎಂದು. ಪ್ರಶ್ನೆ ಒಳ್ಳೆಯದೇ. ಸಂಕೋಚವಿಲ್ಲದೆ ಕೇಳು. ಆದರೆ ಕೇಳಿದ್ದೇ ಗೆದ್ದೆ ಎಂದುಕೊಂಡು ಎದ್ದು ಹೋಗಬೇಡ. ಕಂಡವರಿಲ್ಲದ ಸಂಗತಿಯನ್ನೂ ಖಚಿತವಾಗಿ ತಿಳಿಯಲು ಬರುತ್ತದೆ, ಎಷ್ಟೋ ಸಲ ಕಂಡವರ ಮಾತಿಗಿಂತ ಹೆಚ್ಚು ಖಚಿತವಾಗಿ. ಈ ಪತ್ರದಲ್ಲಿ ನಿನಗೆ ಹೇಳಬೇಕಾಗಿರುವುದು ಇಷ್ಟೇ.

ಇದೇ ಬೆಟ್ಟದ ದೇವಸ್ಥಾನದಿಂದ ಶುರು ಮಾಡೋಣ. ಕಳಿಂಗದ ದಂಡಯಾತ್ರೆಯ ಹೊತ್ತಿನಲ್ಲಿ, 1516ರಲ್ಲಿ, ಕೃಷ್ಣದೇವರಾಯ ಇಲ್ಲಿಗೆ ಬಂದು ನರಸಿಂಹಸ್ವಾಮಿಗೆ ಒಡವೆ ಅರ್ಪಿಸಿದ. ಅದನ್ನು ಕಂಡ ಒಬ್ಬರೂ ಇಂದು ಬದುಕಿಲ್ಲ, ಆದರೂ ನಾವು ನಂಬುತ್ತೇವೆ, ಏಕೆಂದರೆ ಶಾಸನವಿದೆ. ಶಾಸನ ಬರೆಸುವವರು ತಮ್ಮ ಹೆಚ್ಚುಗಾರಿಕೆಯನ್ನು ಹಿಗ್ಗಿಸಿ ಹೇಳಿಕೊಳ್ಳುವುದುಂಟು. ಅದಕ್ಕೇ ಇತಿಹಾಸಕಾರರು ಒಂದು ಶಾಸನಕ್ಕೆ ತೃಪ್ತರಾಗದೆ ಇನ್ನೊಂದು ಊರಿನದನ್ನು, ಎದುರಾಳಿ ಮನೆತನದ್ದನ್ನು ತಂದು ತಾಳೆ ನೋಡುತ್ತಾರೆ. ಒಂದರ ಹಂಗು ಇನ್ನೊಂದಕ್ಕಿಲ್ಲದ ಸಾಕ್ಷಿಗಳು ಒಂದೇ ಮಾತು ಹೇಳಿದರೆ ಆ ಮಾತಿಗೆ ತೂಕ ಬರುತ್ತದೆ. ಭೂವಿಜ್ಞಾನ ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ, ಕಲ್ಲಿಗೆ ಯಾರನ್ನೂ ಮೆಚ್ಚಿಸಬೇಕಾಗಿಲ್ಲ.

ಪೂರ್ವಘಟ್ಟದ ಈ ಬೆಟ್ಟಸಾಲಿನ ಕಲ್ಲಿಗೆ ಖೊಂಡಲೈಟ್ ಎಂದು ಹೆಸರು. ಕೊನಾರ್ಕದ ಸೂರ್ಯ ದೇವಾಲಯವನ್ನು ಕಟ್ಟಿದ್ದೂ ಹೆಚ್ಚಾಗಿ ಇದೇ ಕಲ್ಲಿನಿಂದ. ಹೊಸದಾಗಿ ಒಡೆದ ತುಂಡನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸು. ದಾಳಿಂಬೆ ಕಾಳಿನಂಥ ಕೆಂಪು ಗಾರ್ನೆಟ್ ಹರಳುಗಳು, ಅವುಗಳ ನಡುವೆ ಒಂದೇ ದಿಕ್ಕಿಗೆ ಒರಗಿದ ಬಿಳಿ ಸೂಜಿಗಳು, ಅಲ್ಲಲ್ಲಿ ಬೆರಳಿಗೆ ಕಪ್ಪು ಹತ್ತಿಸುವ ಗ್ರಾಫೈಟ್ ಚಕ್ಕೆಗಳು. ಬಿಳಿ ಸೂಜಿಗಳೇ ಸಿಲಿಮನೈಟ್. ನಮ್ಮ ಮೊದಲ ಸಾಕ್ಷಿ ಅದು. ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕಗಳು ಒಂದೇ ಪ್ರಮಾಣದಲ್ಲಿ ಕೂಡಿ ಮೂರು ಬೇರೆ ಬೇರೆ ಖನಿಜಗಳಾಗಬಲ್ಲವು: ಆಂಡಲುಸೈಟ್, ಕಯನೈಟ್, ಸಿಲಿಮನೈಟ್. ಯಾವುದಾಗುತ್ತದೆ ಎಂಬುದನ್ನು ಶಾಖ ಮತ್ತು ಒತ್ತಡ ತೀರ್ಮಾನಿಸುತ್ತವೆ. ಪ್ರಯೋಗಾಲಯದಲ್ಲಿ ಇವನ್ನು ಕಾಯಿಸಿ, ಒತ್ತಿ, ಯಾವ ಶಾಖದಲ್ಲಿ ಯಾವುದು ನಿಲ್ಲುತ್ತದೆ ಎಂದು ಅಳೆದಿದ್ದಾರೆ. ಮೂರೂ ಒಟ್ಟಿಗೆ ನಿಲ್ಲಬಹುದಾದ ಬಿಂದು ಸುಮಾರು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದೆ. ಸಿಲಿಮನೈಟ್ ಅದಕ್ಕಿಂತ ಬಿಸಿಯಾದ ಕಡೆಯದು. ಇದೇ ಪೂರ್ವಘಟ್ಟದಲ್ಲಿ ಪಾಡೇರಿನ ಸುತ್ತಮುತ್ತ ಸಫಿರಿನ್ ಎಂಬ ಖನಿಜ ಸಿಗುತ್ತದೆ. ಅದನ್ನು ಜೊತೆಯ ಖನಿಜಗಳೊಂದಿಗೆ ಇಟ್ಟು ಲೆಕ್ಕ ಹಾಕಿದರೆ ಶಾಖ 900 ಡಿಗ್ರಿ ದಾಟುತ್ತದೆ, ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಎಂಟು ಒಂಬತ್ತು ಸಾವಿರ ಪಟ್ಟು ಬರುತ್ತದೆ. ಅಷ್ಟು ಒತ್ತಡ ಬೇಕೆಂದರೆ ತಲೆಯ ಮೇಲೆ ಸುಮಾರು 30 ಕಿಲೋಮೀಟರ್ ಬಂಡೆ ಇರಬೇಕು, ಅಂದರೆ ಎವರೆಸ್ಟಿನ ಎತ್ತರದ ಮೂರು ಪಟ್ಟಿಗೂ ಹೆಚ್ಚು. ಅಷ್ಟೂ ಸವೆದು ಹೋದ ಮೇಲೆ ಒಳಗಿನದು ಹೊರಗೆ ಕಂಡಿದೆ. (ಕಲ್ಲಿನ ವಯಸ್ಸು ಬೇರೆ, ಬೆಟ್ಟದ ವಯಸ್ಸು ಬೇರೆ ಎಂಬುದನ್ನು ಮರೆಯಬೇಡ. ಮಳೆಗಾಳಿ ಕೊರೆದ ಇಂದಿನ ಆಕಾರ ಕಲ್ಲಿಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕದು.)

ಎರಡನೆಯ ಸಾಕ್ಷಿ ಕಾಲದ್ದು. ಅದರ ಕಥೆ ವಿಜಯವಾಡದ ಪಕ್ಕದ ಗುಂಟೂರನ್ನು, ನಮ್ಮ ಜಮಖಂಡಿಯನ್ನು ಹಾದು ಬರುತ್ತದೆ. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಮತ್ತು ಬ್ರಿಟಿಷ್ ಅಧಿಕಾರಿ ಟೆನೆಂಟ್ ಗುಂಟೂರಿನಲ್ಲಿ, ಮದ್ರಾಸ್ ವೀಕ್ಷಣಾಲಯದ ಪಾಗ್ಸನ್ ಮಚಲಿಪಟ್ಟಣದಲ್ಲಿ, ಖಗೋಳಜ್ಞ ವಿಲಿಯಂ ಹರ್ಷೆಲರ ಮೊಮ್ಮಗ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದಾಗ ಹೊಳೆಯುವ ಗೆರೆಗಳು ಕಂಡವು, ಅವುಗಳಲ್ಲಿ ಒಂದು ಹಳದಿ. ಅದು ಸೋಡಿಯಂನದೇ ಇರಬೇಕು ಎಂದು ಮೊದಲಿಗೆ ಹಲವರು ಅಂದುಕೊಂಡರು. ಸೋಡಿಯಂನ ಜೋಡಿಗೆರೆಗಳು 589 ನ್ಯಾನೊಮೀಟರ್ ಬಳಿ ಬರುತ್ತವೆ, ಇದರ ಜಾಗ 587.6. ಅದೇ ವರ್ಷ ಇಂಗ್ಲೆಂಡಿನಲ್ಲಿ ಖಗೋಳಜ್ಞ ಲಾಕ್ಯರ್ ಆ ಚಿಕ್ಕ ಅಂತರವನ್ನು ಅಳೆದು, ಇದು ಬೇರೆ ಎಂದರು. ಗೆರೆಯ ಒಡೆಯ ಹೀಲಿಯಂ ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ, ರಸಾಯನವಿಜ್ಞಾನಿ ರ‍್ಯಾಮ್ಸೆ ಅವರಿಗೆ, ಅದೂ ಯುರೇನಿಯಂ ಇರುವ ಖನಿಜದೊಳಗೆ. ಯುರೇನಿಯಂ ಒಡೆಯುವಾಗ ಹೊಮ್ಮುವ ಆಲ್ಫಾ ಕಣಗಳೇ ಹೀಲಿಯಂ ಆಗುತ್ತವೆ ಎಂಬ ಅರಿವು ಮೂಡುತ್ತಿದ್ದಂತೆ, ಖನಿಜದಲ್ಲಿ ಶೇಖರವಾದ ಹೀಲಿಯಂ ಅಳೆದು ವಯಸ್ಸು ಹೇಳಬಹುದು ಎಂದು ರುದರ್‌ಫರ್ಡ್ 1904ರ ಹೊತ್ತಿಗೆ ತೋರಿಸಿದರು. ಬಂಡೆಗಳ ವಯಸ್ಸನ್ನು ಎಣಿಸುವ ವಿದ್ಯೆ ಹುಟ್ಟಿದ್ದು ಹೀಗೆ.

ಈಗ ಆ ಕೆಲಸಕ್ಕೆ ಹೀಲಿಯಂಗಿಂತ ಸೀಸ ಹೆಚ್ಚು ನಂಬಿಕೆಯದು. ಜಿರ್ಕಾನ್ ಹರಳು ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಆದ್ದರಿಂದ ಆಮೇಲೆ ಅದರಲ್ಲಿ ಸಿಗುವ ಸೀಸ ಯುರೇನಿಯಂ ಒಡೆದು ಬಂದದ್ದು. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಎರಡೂ ಬೇರೆ ಬೇರೆ ಬಗೆಯ ಸೀಸವಾಗುತ್ತವೆ. ಒಂದೇ ಹರಳಿನಲ್ಲಿ ಎರಡು ಗಡಿಯಾರಗಳು. ನಡುವೆ ಸೀಸ ಸೋರಿಹೋಗಿದ್ದರೆ ಎರಡೂ ಬೇರೆ ಬೇರೆ ಹೊತ್ತು ತೋರಿಸಿ ತಪ್ಪನ್ನು ತಾವೇ ಬಯಲು ಮಾಡುತ್ತವೆ. ಪೂರ್ವಘಟ್ಟದ ಈ ಭಾಗದ ಜಿರ್ಕಾನ್, ಮೊನಜೈಟ್ ಹರಳುಗಳು ಆ ಮಹಾಶಾಖಕ್ಕೆ ಹೇಳುವ ಕಾಲ 95ರಿಂದ 100 ಕೋಟಿ ವರ್ಷಗಳ ಹಿಂದಿನದು.

ಮೂರನೆಯ ಸಾಕ್ಷಿ ಸಮುದ್ರದಾಚೆ ಇದೆ. ಪೂರ್ವ ಅಂಟಾರ್ಕ್ಟಿಕಾದ ರೇನರ್ ಪ್ರದೇಶದಲ್ಲಿ ಇಂಥವೇ ಬೆಂದ ಬಂಡೆಗಳಿವೆ, ಹೆಚ್ಚುಕಡಿಮೆ ಇದೇ ವಯಸ್ಸಿನವು. ಭಾರತ ಮತ್ತು ಅಂಟಾರ್ಕ್ಟಿಕಾ ಸುಮಾರು 13 ಕೋಟಿ ವರ್ಷಗಳ ಹಿಂದೆ ಬೇರೆಯಾದವು. ಅದಕ್ಕೆ ಮುಂಚೆ ಎರಡೂ ಅಂಟಿಕೊಂಡಿದ್ದವು ಎಂದರೆ ಈ ಹೋಲಿಕೆ ಸಹಜ, ಇಲ್ಲವಾದರೆ ನಂಬಲಾಗದ ಕಾಕತಾಳೀಯ. ಸೂಜಿಯಂಥ ಖನಿಜ, ಹರಳಿನ ಸೀಸ, ಸಾವಿರಾರು ಕಿಲೋಮೀಟರ್ ದೂರದ ಕರಾವಳಿ: ಬೇರೆ ಬೇರೆ ಕಡೆಯಿಂದ ಬಂದ ಸಾಕ್ಷಿಗಳಿವು. ಮೂರೂ ಒಂದೇ ಕಥೆಗೆ ಕೂಡಿಬರುತ್ತವೆ.

ನೀನು ಇಲ್ಲಿಗೂ ಬಿಡಬಾರದು. ಯುರೇನಿಯಂ ಹಿಂದೆ ಬೇರೆ ವೇಗದಲ್ಲಿ ಒಡೆಯುತ್ತಿದ್ದರೆ? ಬಲವಾದ ಆಕ್ಷೇಪ ಇದು, ಅದನ್ನೂ ಪರೀಕ್ಷಿಸಿದ್ದಾರೆ. 1987ರಲ್ಲಿ ದಕ್ಷಿಣದ ಆಕಾಶದಲ್ಲಿ ಕಂಡ ನಕ್ಷತ್ರಸ್ಫೋಟದ, ಅಂದರೆ ಸೂಪರ್‌ನೋವಾದ ಬೆಳಕು ಅಲ್ಲಿಂದ ಹೊರಟದ್ದು ಒಂದೂವರೆ ಲಕ್ಷ ವರ್ಷಗಳಿಗೂ ಹಿಂದೆ. ಅದು ಮಂಕಾದ ವೇಗ ವಿಕಿರಣಶೀಲ ಕೋಬಾಲ್ಟ್-56ರ 77 ದಿನಗಳ ಅರ್ಧಾಯುಷ್ಯಕ್ಕೆ ಸರಿಹೊಂದಿತು, ಇಂದು ನಮ್ಮ ಪ್ರಯೋಗಾಲಯದಲ್ಲಿ ಅಳೆಯುವಷ್ಟೇ. ಅದು ಸಾಲದು, ನೂರು ಕೋಟಿಯ ಮಾತು ಹೇಳು ಎಂದರೆ, ಆಫ್ರಿಕದ ಗೇಬನ್ ದೇಶದ ಓಕ್ಲೊ ಇದೆ. ಅಲ್ಲಿನ ಯುರೇನಿಯಂ ಅದಿರಿನಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ಪರಮಾಣು ಸರಣಿಕ್ರಿಯೆ ತಾನಾಗಿ ನಡೆದಿತ್ತು ಎಂದು 1972ರಲ್ಲಿ ತಿಳಿಯಿತು. ಅದು ಬಿಟ್ಟುಹೋದ ಧಾತುಗಳ ಪ್ರಮಾಣ, ಪರಮಾಣುವಿನೊಳಗಿನ ನಿಯಮಗಳು ಅಂದಿಗೂ ಇಂದಿಗೂ ಗಮನಾರ್ಹವಾಗಿ ಬದಲಾಗಿಲ್ಲ ಎಂದು ಹೇಳುತ್ತದೆ.

ಇನ್ನೊಂದು ಮಾತನ್ನು ನೀನು ಬಸ್ಸಿನಲ್ಲಿ, ಮದುವೆಮನೆಯಲ್ಲಿ ಎಲ್ಲೆಲ್ಲೂ ಕೇಳುತ್ತೀ: ವಿಜ್ಞಾನಿಗಳು ಇವತ್ತು ಒಂದು ಹೇಳುತ್ತಾರೆ, ನಾಳೆ ಇನ್ನೊಂದು. ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1897ರಲ್ಲಿ ಭೂಮಿಗೆ ಎರಡರಿಂದ ನಾಲ್ಕು ಕೋಟಿ ವರ್ಷ ವಯಸ್ಸು ಎಂದರು, ಇಂದು 450 ಕೋಟಿಗೂ ಹೆಚ್ಚು ಎನ್ನುತ್ತೇವೆ. ಆದರೆ ಆ ಸಂಖ್ಯೆ ಯಾರ ಮರ್ಜಿಯಿಂದಲೂ ಬದಲಾಗಲಿಲ್ಲ. ಕೆಲ್ವಿನ್ನರ ಗಣಿತ ಸರಿಯಿತ್ತು. ಭೂಮಿಯ ಒಳಗು ಕದಲದ ಗಟ್ಟಿ ಎಂದು ಅವರು ಹಿಡಿದದ್ದು ತಪ್ಪಾಗಿತ್ತು. ಒಳಗೆ ಶಾಖ ಹರಿದಾಡುತ್ತಿದ್ದರೆ ವಯಸ್ಸು ಬಹಳ ಹೆಚ್ಚುತ್ತದೆ ಎಂದು ಅವರ ಹಳೆಯ ಸಹಾಯಕ ಜಾನ್ ಪೆರಿ 1895ರಲ್ಲೇ ಎಚ್ಚರಿಸಿದ್ದರು. ತಪ್ಪು ಎಲ್ಲಿತ್ತು, ಯಾಕೆ ಆಯಿತು ಎಂದು ಬೆರಳಿಟ್ಟು ತೋರಿಸಬಲ್ಲ ಬದಲಾವಣೆಯನ್ನು ಚಂಚಲತೆ ಎನ್ನುವುದು ಅನ್ಯಾಯ.

ಹಾಗೆಂದು ಎಲ್ಲ ತಿಳಿದಾಯಿತು ಎಂದುಕೊಳ್ಳಬೇಡ. ಸಾಮಾನ್ಯ ಖಂಡದಲ್ಲಿ ಈ ಕಲ್ಲು ಬೆಂದ 30 ಕಿಲೋಮೀಟರ್ ಆಳಕ್ಕಿಳಿದರೂ ಇರಬೇಕಾದ ಶಾಖ 900 ಡಿಗ್ರಿಗಿಂತ ಬಹಳ ಕಡಿಮೆ. ಉಳಿದ ಬಿಸಿ ಎಲ್ಲಿಂದ ಬಂತು? ಕೆಳಗಿನ ಮ್ಯಾಂಟಲ್ ಕೊಟ್ಟಿತೆ, ದಪ್ಪವಾದ ಹೊರಪದರದ ವಿಕಿರಣಶೀಲ ಧಾತುಗಳು ನಿಧಾನವಾಗಿ ಕಾಯಿಸಿದವೆ, ಎರಡೂ ಸೇರಿದವೆ? ವಾದ ಇನ್ನೂ ಮುಗಿದಿಲ್ಲ. ಇಲ್ಲಿ ನೀನು ಹಿಡಿಯಬೇಕಾದ ಎಚ್ಚರ ಒಂದಿದೆ. ಬಿಸಿ ಹೇಗೆ ಬಂತೆಂದು ಗೊತ್ತಿಲ್ಲದಿರುವುದರಿಂದ ಬಿಸಿ ಇರಲೇ ಇಲ್ಲ ಎಂದಾಗುವುದಿಲ್ಲ. ಈ ಎರಡನ್ನು ಕಲಸಿಬಿಟ್ಟವರೊಡನೆ ಚರ್ಚೆ ಮುಂದೆ ಸಾಗುವುದಿಲ್ಲ.

ಇಲ್ಲಿಗೆ ಹತ್ತಿರದ ಭೀಮಿಲಿಯ ಕಡಲತೀರಕ್ಕೆ ಹೋದಾಗ ಅಲೆ ಎಳೆದ ಕೆಂಪು, ಕಪ್ಪು ಗೆರೆಗಳ ಮರಳನ್ನು ಒಂದು ಚಿಟಿಕೆ ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡು. ಕೆಂಪಿನವು ಬೆಟ್ಟದಿಂದ ಸವೆದು ಬಂದ ಗಾರ್ನೆಟ್, ಕಪ್ಪಿನಲ್ಲಿ ಇಲ್ಮನೈಟ್ ಇರುತ್ತದೆ. ಟಿಪ್ಪಣಿ ಪುಸ್ತಕದ ಒಂದು ಪುಟದಲ್ಲಿ ಕಂಡದ್ದನ್ನಷ್ಟೇ ಬರೆ, ಎದುರು ಪುಟದಲ್ಲಿ ಅದರಿಂದ ನೀನು ಊಹಿಸಿದ್ದನ್ನು ಬರೆ, ಪ್ರತಿ ಊಹೆಯ ಕೆಳಗೆ ಅದು ಸುಳ್ಳಾಗಲು ಏನು ಕಾಣಬೇಕು ಎಂದೂ ಬರೆದಿಡು. ಆಮೇಲೆ ಆಂಧ್ರ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಯಾರನ್ನಾದರೂ ಕಂಡು, ಪುಸ್ತಕ ಮುಂದಿಟ್ಟು ಕೇಳು.

ಇಂತಿ ನಿನ್ನ ಶ್ರೇಯೋಭಿಲಾಷಿ