ರೈತ ಸಂಘಕ್ಕೊಂದು ಜಾಲತಾಣ: ನಿರ್ಮಾಣ ಮತ್ತು ಪಾಲನೆ

ತೊಗರಿಯಲ್ಲಿ ಕಾಯಿಕೊರಕ ಕಂಡೊಡನೆ ಇಂದಿನ ರೈತರು ಮೊದಲು ಮೊಬೈಲಿನಲ್ಲಿ ಪರಿಹಾರ ಹುಡುಕುತ್ತಾರೆ. ಸಿಕ್ಕಿದ ಪುಟವನ್ನು ಯಾರು, ಯಾವಾಗ, ಯಾವ ಭಾಗದ ಜಮೀನಿಗಾಗಿ ಬರೆದರೆಂಬುದು ಅನೇಕ ವೇಳೆ ತಿಳಿಯುವುದಿಲ್ಲ. ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಲ್ಲಿ ಕಾಲುವೆ ನೀರಿನ ಭತ್ತವೂ ಮಳೆಯಾಶ್ರಿತ ತೊಗರಿ, ಹೆಸರು, ಹತ್ತಿಯೂ ಇವೆ. ಬೇರೆ ಭಾಗಕ್ಕೆ ಬರೆದ ಸಲಹೆ ಇಲ್ಲಿಗೆ ಹೊಂದದಿರಬಹುದು. ಆದುದರಿಂದ ಮುದನಾಳದಂತಹ ಊರಿನ ರೈತ ಸಂಘ ತನ್ನದೇ ಚಿಕ್ಕ ಜಾಲತಾಣವನ್ನು ಹೊಂದುವುದು ಉಪಯುಕ್ತ. ಆದರೆ ಬಿತ್ತನೆ ಒಂದು ದಿನದ ಕೆಲಸ, ಕಳೆ ತೆಗೆಯುವುದು ಹಂಗಾಮಿನುದ್ದದ ಕೆಲಸ. ಜಾಲತಾಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಉದ್ದೇಶ ನಿರ್ಧಾರ

ಮೊದಲು ಓದುಗರು ಯಾರೆಂಬುದನ್ನು ಸಭೆಯಲ್ಲಿ ತೀರ್ಮಾನಿಸಬೇಕು. ಸದಸ್ಯರಿಗೆ ಬೇಸಾಯದ ಮಾಹಿತಿ ಬೇಕು. ಬೇಳೆ ಕೊಳ್ಳುವವರಿಗೆ ತಳಿ, ಪ್ರಮಾಣ ಮತ್ತು ದೊರೆಯುವ ತಿಂಗಳು ಬೇಕು. ಆರಂಭಕ್ಕೆ ಐದು ಪುಟ ಸಾಕು: ಸಂಘದ ಪರಿಚಯ, ಹಂಗಾಮಿನ ಸಲಹೆ, ಮಾರಾಟಕ್ಕಿರುವ ಉತ್ಪನ್ನ, ಸೂಚನೆಗಳು, ಸಂಪರ್ಕ. ಪಾಲಿಸಲಾಗದ ಐವತ್ತು ಪುಟಗಳಿಗಿಂತ ಪಾಲಿಸಬಲ್ಲ ಐದು ಪುಟಗಳೇ ಲೇಸು.

ವಿಳಾಸ ಮತ್ತು ಒಡೆತನ

ಬ್ಲಾಗರ್, ವರ್ಡ್‌ಪ್ರೆಸ್ ಮುಂತಾದ ಸೇವೆಗಳಲ್ಲಿ ಉಚಿತವಾಗಿ ಆರಂಭಿಸಬಹುದು. ಸ್ವಂತ ವಿಳಾಸ ಬೇಕಾದಲ್ಲಿ ಶುಲ್ಕ ಕೊಟ್ಟು ನೋಂದಾಯಿಸಬೇಕು. ನೋಂದಣಿ ಸಂಘದ ಹೆಸರಿನಲ್ಲಿಯೇ ಇರಬೇಕು. ತಾಣ ಕಟ್ಟಿಕೊಟ್ಟವರ ಹೆಸರಿನಲ್ಲಿ ಇರಬಾರದು. ಅವರು ಊರು ಬಿಟ್ಟರೆ ತಾಣವೂ ಕೈತಪ್ಪುತ್ತದೆ. ವಿಳಾಸವನ್ನು ಅವಧಿಗೆ ಮೊದಲೇ ನವೀಕರಿಸದಿದ್ದರೆ ಅದನ್ನು ಬೇರೆಯವರು ಕೊಳ್ಳಬಹುದು. ಸಂಘದ ಹೆಸರನ್ನು ನಂಬಿ ಬಂದವರು ಆಗ ಅಪರಿಚಿತರ ಪುಟಕ್ಕೆ ಹೋಗುತ್ತಾರೆ. ನವೀಕರಣದ ದಿನವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ಗುಪ್ತಪದವನ್ನು ಇಬ್ಬರು ಪದಾಧಿಕಾರಿಗಳು ತಿಳಿದಿರಬೇಕು. ಪದಾಧಿಕಾರಿ ಬದಲಾದಾಗ ಅದನ್ನೂ ಬದಲಿಸಬೇಕು.

ಅಕ್ಷರ ಮತ್ತು ಚಿತ್ರ

ಬರಹವನ್ನು ಯುನಿಕೋಡ್ ಕನ್ನಡದಲ್ಲಿಯೇ ಹಾಕಬೇಕು. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕರಪತ್ರಗಳನ್ನು ಹಾಗೆಯೇ ಅಂಟಿಸಿದರೆ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಮತ್ತು ಅಂಕಿಗಳನ್ನು ಒಮ್ಮೆ ಓದಿ ತಿದ್ದಬೇಕು. ಸಲಹೆಯನ್ನು ಚಿತ್ರವಾಗಿ ಮಾತ್ರ ಹಾಕಿದರೆ ಹುಡುಕಿದವರಿಗೆ ಅದು ಸುಲಭವಾಗಿ ಸಿಗುವುದಿಲ್ಲ. ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಸರಿಯಾಗಿ ಒದಗುವುದಿಲ್ಲ.

ಚಿತ್ರಗಳ ತೂಕವನ್ನೂ ಗಮನಿಸಬೇಕು. ಜಾಲದಲ್ಲಿ ಕನ್ನಡದ ಒಂದು ಸಂಕೇತ 3 ಬೈಟು ಹಿಡಿಯುತ್ತದೆ. 5,000 ಸಂಕೇತಗಳ ಲೇಖನ ಸುಮಾರು 15 ಕಿಲೋಬೈಟು. ಮೊಬೈಲಿನಲ್ಲಿ ತೆಗೆದ 3 ಮೆಗಾಬೈಟಿನ ಒಂದೇ ಚಿತ್ರ ಇಂತಹ 200 ಲೇಖನಗಳಿಗೆ ಸಮ. ಸಂಕೇತ ದುರ್ಬಲವಾಗಿರುವ ಹೊಲದಲ್ಲಿ ಅಂತಹ ಪುಟ ತೆರೆಯುವುದೇ ಕಷ್ಟ. ಚಿತ್ರವನ್ನು 100ರಿಂದ 150 ಕಿಲೋಬೈಟಿಗೆ ಇಳಿಸಿಯೇ ಹಾಕಬೇಕು.

ಬರವಣಿಗೆ

ಒಂದು ಪುಟದಲ್ಲಿ ಒಂದೇ ವಿಷಯವಿರಲಿ. ತಲೆಬರಹದಲ್ಲಿ ರೈತರ ಬಾಯಲ್ಲಿರುವ ಪದವೇ ಇರಬೇಕು. ತೊಗರಿಯ ಸೊರಗು ರೋಗ ಈ ಭಾಗದಲ್ಲಿ ನೆಟೆ ರೋಗವೆಂದು ಬಳಕೆಯಲ್ಲಿದೆ. ಎರಡೂ ಹೆಸರುಗಳನ್ನು ಬರೆದರೆ ಯಾವ ಪದದಿಂದ ಹುಡುಕಿದರೂ ಪುಟ ಸಿಗುತ್ತದೆ. ಪ್ರಮಾಣವನ್ನು ಎಕರೆಗೋ ಹೆಕ್ಟೇರಿಗೋ ಎಂದು ಸ್ಪಷ್ಟಪಡಿಸಬೇಕು. ಒಂದು ಹೆಕ್ಟೇರು ಸುಮಾರು ಎರಡೂವರೆ ಎಕರೆ. ಇಲ್ಲಿ ತಪ್ಪಿದರೆ ಗೊಬ್ಬರ, ಔಷಧಿಗಳ ಪ್ರಮಾಣ ಎರಡೂವರೆ ಪಟ್ಟು ತಪ್ಪುತ್ತದೆ.

ದಿನಾಂಕ ಮತ್ತು ತಿದ್ದುಪಡಿ

ಪಾಲನೆಯಲ್ಲಿ ಅತಿ ಮುಖ್ಯವಾದ ಅಂಶ ಇದು. ಒಂದು ಕಾಲಕ್ಕೆ ಕಾಯಿಕೊರಕದ ಹತೋಟಿಗೆ ಎಂಡೋಸಲ್ಫಾನ್ ಸಿಂಪರಣೆ ಸಾಮಾನ್ಯ ಶಿಫಾರಸಾಗಿತ್ತು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಜನರ ಸಂಕಟ ಬೆಳಕಿಗೆ ಬಂದ ಮೇಲೆ, 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ದೇಶದಾದ್ಯಂತ ತಡೆಯಿತು. ಅದಕ್ಕೆ ಮುಂಚಿನ ಲೇಖನವನ್ನು ದಿನಾಂಕವಿಲ್ಲದೆ ತಾಣದಲ್ಲಿ ಉಳಿಸಿದರೆ, ಹೊಸ ಓದುಗರಿಗೆ ಅದು ಇಂದಿನ ಶಿಫಾರಸಿನಂತೆಯೇ ತೋರುತ್ತದೆ. ಬರೆದವರ ಉದ್ದೇಶ ಒಳ್ಳೆಯದಾಗಿದ್ದರೂ ಹಾನಿ ಓದಿದವರದು.

ಆದುದರಿಂದ ಪ್ರತಿ ಪುಟದ ಮೇಲ್ಭಾಗದಲ್ಲಿ ಬರೆದ ದಿನ, ಕೊನೆಯ ಬಾರಿ ಪರಿಶೀಲಿಸಿದ ದಿನ ಮತ್ತು ಸಲಹೆಯ ಮೂಲ ಇರಬೇಕು. ತಪ್ಪು ಕಂಡಾಗ ಸದ್ದಿಲ್ಲದೆ ಅಳಿಸದೆ, ಏನನ್ನು ಏಕೆ ತಿದ್ದಲಾಯಿತೆಂದು ಅಲ್ಲಿಯೇ ತಿಳಿಸಬೇಕು. ಹಳೆಯದನ್ನು ಈಗಾಗಲೇ ಓದಿ ಹೋದವರಿಗೆ ಬೇರೆ ದಾರಿಯಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಪ್ರತಿ ತಿದ್ದುಪಡಿಯ ದಿನವೂ ಹಿಂದಿನ ರೂಪವೂ ಉಳಿಯುತ್ತವೆ. ಈ ಪದ್ಧತಿ ಅನುಕರಣೀಯ. ಕೀಟನಾಶಕದ ಪ್ರಮಾಣಗಳನ್ನು ಪ್ರಕಟಿಸುವ ಮುನ್ನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದ ತಜ್ಞರಿಗೆ ತೋರಿಸುವುದು ಸೂಕ್ತ. ಮಾರುಕಟ್ಟೆ ಧಾರಣೆ ದಿನದಿನವೂ ಬದಲಾಗುವುದರಿಂದ ಅದನ್ನು ನಕಲು ಮಾಡುವ ಬದಲು ಸರಕಾರದ ಕೃಷಿ ಮಾರಾಟ ವಾಹಿನಿ ತಾಣಕ್ಕೆ ಕೊಂಡಿ ಕೊಡಬೇಕು.

ಪಾಲನೆಯ ಕ್ರಮ

1. ವಾರಕ್ಕೊಮ್ಮೆ: ಸೂಚನೆಗಳನ್ನು ನೋಡಿ, ಮುಗಿದು ಹೋದ ಸಭೆ ಹಾಗೂ ಮಾರಾಟವಾದ ಉತ್ಪನ್ನದ ವಿವರ ತೆಗೆಯುವುದು, ಬಂದ ಪ್ರಶ್ನೆಗಳಿಗೆ ಉತ್ತರಿಸುವುದು.

2. ತಿಂಗಳಿಗೊಮ್ಮೆ: ಕೊಂಡಿಗಳು ತೆರೆಯುತ್ತವೆಯೇ ಎಂದು ಕಡಿಮೆ ಬೆಲೆಯ ಮೊಬೈಲಿನಲ್ಲಿ ಪರೀಕ್ಷಿಸುವುದು, ಎಲ್ಲ ಪುಟಗಳ ಪ್ರತಿಯನ್ನು ಬೇರೊಂದು ಕಡೆ ಉಳಿಸುವುದು.

3. ಮುಂಗಾರು ಮತ್ತು ಹಿಂಗಾರಿಗೆ ಮುನ್ನ: ಬೆಳೆ ಸಲಹೆಗಳನ್ನು ಸಾಲುಸಾಲಾಗಿ ಪರಿಶೀಲಿಸಿ ದಿನಾಂಕ ಹೊಸದಾಗಿಸುವುದು.

ಮುನ್ನೆಚ್ಚರಿಕೆ

ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಹಾಗೂ ಪಹಣಿಯ ಪ್ರತಿಗಳನ್ನು ಎಂದಿಗೂ ಪ್ರಕಟಿಸಬಾರದು. ಯಾರದೇ ಭಾವಚಿತ್ರ ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು. ಬೇರೆ ತಾಣದ ಲೇಖನ, ಚಿತ್ರಗಳನ್ನು ಅನುಮತಿಯಿಲ್ಲದೆ ಬಳಸಬಾರದು.

ಈ ಕೆಲಸವನ್ನು ಬರೆಯುವವರು ಒಬ್ಬರು, ಪರಿಶೀಲಿಸುವವರು ಒಬ್ಬರು ಎಂದು ಹಂಚಿಕೊಂಡರೆ ವಾರಕ್ಕೆ ಒಂದೆರಡು ಗಂಟೆ ಸಾಕು. ಅಷ್ಟು ಸಮಯ ಕೊಡುವವರು ದೊರೆಯದಿದ್ದಲ್ಲಿ ಪುಟಗಳನ್ನು ಕಡಿಮೆ ಮಾಡಬೇಕೇ ಹೊರತು ಪರಿಶೀಲನೆಯನ್ನು ಬಿಡಬಾರದು.